ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954): ಜೀವನ ಪರಿಚಯ

ಪೀಠಿಕೆ

ಮುಂಗಾರು ಸಮೀಪಿಸುತ್ತಿದ್ದಂತೆ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ರೈತ ಬಾಂಧವರು ಬಿತ್ತನೆ ಬೀಜಕ್ಕಾಗಿ ರೈತ ಸಂಪರ್ಕ ಕೇಂದ್ರಗಳಿಗೆ ಅರ್ಜಿಯೊಡನೆ ಬರುತ್ತಾರೆ. ಚೀಲಕ್ಕೆ ಹೊಲಿದಿರುವ ಚೀಟಿಯಲ್ಲಿ ಬೆಳೆಯ ಹೆಸರು, ತಳಿಯ ಹೆಸರು ಮತ್ತು ಬೀಜದ ದರ್ಜೆ ಮುದ್ರಿತವಾಗಿರುತ್ತದೆ. ತಳಿ ಎಂದರೇನು, ತಾಯಿ ಗಿಡದ ಗುಣ ಬೀಜದ ಮೂಲಕ ಮರಿ ಗಿಡಕ್ಕೆ ಹೇಗೆ ಬರುತ್ತದೆ, ಕೆಲವು ಬೀಜಗಳನ್ನು ಮನೆಯಲ್ಲಿ ಉಳಿಸಿಕೊಂಡು ಮತ್ತೆ ಬಿತ್ತಬಹುದಾದರೂ ಕೆಲವನ್ನು ಏಕೆ ಬಿತ್ತಬಾರದು ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಸಂತಾನೋತ್ಪತ್ತಿ, ಜೀವಕೋಶಗಳ ವಿಭಜನೆ ಮತ್ತು ಅನುವಂಶೀಯತೆಯ ಮೂಲ ವಿಷಯಗಳನ್ನು ಅರಿತರೆ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಈ ವಿಷಯಗಳನ್ನು ಹೊಲ, ತೋಟ ಹಾಗೂ ಪ್ರಯೋಗಾಲಯ ಮೂರರಲ್ಲಿಯೂ ಅಭ್ಯಸಿಸಿದ ಮಹನೀಯರೊಬ್ಬರು ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ್ದರು. ಅವರೇ ಸಂಸ್ಥಾನದ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರಾದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಸಾಧನೆಯನ್ನು ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಅವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ನಂತರ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾರಜನಕದ ಸಂಯುಕ್ತಗಳನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಕ್ರಿಯೆಯ ಬಗ್ಗೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿ ಪಡೆದರು.

ಅವರು ವಿದ್ಯಾರ್ಥಿಯಾಗಿದ್ದ ಕಾಲವು ಜೀವವಿಜ್ಞಾನದ ಪಾಲಿಗೆ ಮಹತ್ವದ ಕಾಲವಾಗಿತ್ತು. ಗ್ರೆಗರ್ ಮೆಂಡೆಲ್ ಅವರು ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ 1866ರಲ್ಲಿ ಪ್ರಕಟಿಸಿದ್ದ ಅನುವಂಶೀಯತೆಯ ನಿಯಮಗಳು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೆ ಉಳಿದು, 1900ರಲ್ಲಿ ಬೆಳಕಿಗೆ ಬಂದವು. ಇದಾದ ಎರಡು ಮೂರು ವರ್ಷಗಳಲ್ಲಿಯೇ ಅಮೆರಿಕದ ವಾಲ್ಟರ್ ಸಟನ್ ಎಂಬ ವಿದ್ಯಾರ್ಥಿ ಒಂದು ಮಿಡತೆಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕೋಶಕೇಂದ್ರದೊಳಗಿನ ವರ್ಣತಂತುಗಳು ಜೋಡಿಯಾಗಿ ಸೇರಿ ಬೇರ್ಪಡುವ ರೀತಿಗೂ ಮೆಂಡೆಲರ ನಿಯಮಗಳಿಗೂ ಹೊಂದಿಕೆ ಇರುವುದನ್ನು ತೋರಿಸಿಕೊಟ್ಟರು. ವಂಶದ ಗುಣಗಳನ್ನು ಹೊತ್ತು ತರುವುದು ವರ್ಣತಂತುಗಳೇ ಎಂಬ ಸಿದ್ಧಾಂತಕ್ಕೆ ಆಧಾರವಾದ ಜೀವಿಗಳಲ್ಲಿ ಮಿಡತೆಯೂ ಒಂದು. ಕೋಲ್ಮನ್ ಅವರ ಬದುಕಿನಲ್ಲಿ ಮಿಡತೆಯು ಎರಡು ಬಾರಿ ಮುಖ್ಯ ಸ್ಥಾನ ಪಡೆಯಿತು.

ಮೈಸೂರಿಗೆ ಆಗಮನ ಮತ್ತು ಜೋಳದ ಮಿಡತೆ

1908ರಲ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬೆಳೆಗಳಿಗೆ ತಗಲುವ ಶಿಲೀಂಧ್ರ ರೋಗಗಳು ಮತ್ತು ಕೀಟಗಳು ಇವೆರಡರ ಅಧ್ಯಯನವೂ ಅವರ ಹೊಣೆಯಾಗಿತ್ತು. ಆಗ ದಾವಣಗೆರೆ ಮತ್ತು ಹರಿಹರ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಭದ್ರಾ ನಾಲೆ ಬರುವುದಕ್ಕೆ ಅರ್ಧ ಶತಮಾನ ಬಾಕಿಯಿತ್ತು. ಸಂಸ್ಥಾನದ ಉತ್ತರ ಭಾಗದ ಈ ಬಯಲುಸೀಮೆಯಲ್ಲಿ ಜೋಳ ಮುಖ್ಯ ಆಹಾರ ಬೆಳೆಯಾಗಿತ್ತು. ಜೋಳ ಕೈಕೊಟ್ಟರೆ ಮನೆಯ ರೊಟ್ಟಿಗೂ ದನಕರುಗಳ ಮೇವಿಗೂ ಒಟ್ಟಿಗೇ ಕೊರತೆ ಬೀಳುತ್ತಿತ್ತು.

ದಖ್ಖನ್ ಪ್ರಸ್ಥಭೂಮಿಯ ಜೋಳದ ಸೀಮೆಯಲ್ಲಿ ಬೆಳೆಯನ್ನು ತಿಂದು ಹಾಳುಮಾಡುವ ರೆಕ್ಕೆಯಿಲ್ಲದ ಒಂದು ಮಿಡತೆಯಿದೆ. ಕೋಲ್ಮನ್ ಅವರು ಅದರ ಜೀವನ ಚಕ್ರವನ್ನು ವಿವರವಾಗಿ ಅಭ್ಯಸಿಸಿದರು. ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಇಗ್ನಾಸಿಯೊ ಬೊಲಿವಾರ್ ಅವರು 1910ರಲ್ಲಿ ಈ ಕೀಟವನ್ನು ಶಾಸ್ತ್ರೀಯವಾಗಿ ವರ್ಣಿಸಿ, ಅದರ ಕುಲಕ್ಕೆ ಕೋಲ್ಮನ್ ಅವರ ಹೆಸರಿನಿಂದ ಕೋಲ್ಮೇನಿಯ ಎಂದು ನಾಮಕರಣ ಮಾಡಿದರು. ಅದರ ಪೂರ್ಣ ಶಾಸ್ತ್ರೀಯ ಹೆಸರು ಕೋಲ್ಮೇನಿಯ ಸ್ಫೆನಾರಿಯಾಯ್ಡಿಸ್. 1911ರಲ್ಲಿ ಈ ಮಿಡತೆಯನ್ನು ಕುರಿತ ಕೋಲ್ಮನ್ ಅವರ ಇಲಾಖಾ ಪ್ರಕಟಣೆ ಹೊರಬಂದಿತು. ಅದೇ ವರ್ಷ ಅವರು ತಮ್ಮ ಸಹೋದ್ಯೋಗಿ ಕೆ. ಕುಞ್ಞಿಕಣ್ಣನ್ ಅವರೊಡನೆ ಭತ್ತದ ಮಿಡತೆಯ ಬಗ್ಗೆಯೂ ಒಂದು ಪ್ರಕಟಣೆಯನ್ನು ಹೊರತಂದರು.

ಈ ಅಧ್ಯಯನದ ತಿರುಳು ಸಂತಾನೋತ್ಪತ್ತಿಯೇ ಆಗಿತ್ತು. ಹೆಣ್ಣು ಮಿಡತೆಯು ಮಳೆಗಾಲದ ಕೊನೆಗೆ ಮಣ್ಣಿನೊಳಗೆ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಚಳಿಗಾಲ ಮತ್ತು ಬೇಸಿಗೆಯುದ್ದಕ್ಕೂ ಆ ಮೊಟ್ಟೆಗಳು ಮಣ್ಣಿನಲ್ಲಿಯೇ ಇದ್ದು, ಮುಂಗಾರು ಮಳೆಗೆ ನೆಲ ನೆನೆದಾಗ ಒಡೆದು ಮರಿಗಳು ಹೊರಬರುತ್ತವೆ. ಜೋಳದ ಪೈರು ಎಳೆಯದಾಗಿರುವುದೂ ಅದೇ ಸಮಯದಲ್ಲಿ. ವರ್ಷಕ್ಕೆ ಒಂದೇ ಪೀಳಿಗೆ. ರೆಕ್ಕೆ ಇಲ್ಲವಾದ್ದರಿಂದ ಈ ಕೀಟ ದೂರ ಹಾರಿ ಹೋಗಲಾರದು. ಮಣ್ಣಿನಲ್ಲಿರುವ ಮೊಟ್ಟೆಗಳನ್ನು ಉಳುಮೆಯಿಂದ ಹೊರಗೆಡವಿ ನಾಶಪಡಿಸುವುದು ಮತ್ತು ಎಳೆಯ ಮಿಡತೆಗಳನ್ನು ಬಲೆಗಳಿಂದ ಹಿಡಿಯುವುದು ಸೂಕ್ತ ಕ್ರಮಗಳಾಗಿದ್ದವು. ಔಷಧಿ ಸಿಂಪರಣೆ ರೈತರ ಕೈಗೆ ನಿಲುಕದಿದ್ದ ಆ ಕಾಲದಲ್ಲಿ, ಕೀಟದ ವಂಶ ಬೆಳೆಯುವ ದಾರಿಯನ್ನು ತಿಳಿದು ಅಲ್ಲಿಯೇ ಅದನ್ನು ತಡೆಯುವುದು ಅಗ್ಗದ ಉಪಾಯವೂ ಆಗಿತ್ತು.

ಅಡಿಕೆಯ ಕೊಳೆರೋಗ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದಲ್ಲಿ ಹಸಿರು ಕಾಯಿಗಳು ಕೊಳೆತು ಉದುರುವ ಕೊಳೆರೋಗ ಬೆಳೆಗಾರರಿಗೆ ಅಪಾರ ನಷ್ಟವನ್ನು ಉಂಟುಮಾಡುತ್ತಿತ್ತು. ಕರಾವಳಿಯ ಕಡೆ ಇದಕ್ಕೆ ಮಹಾಳಿ ಎಂದು ಹೆಸರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಪಾಡುವ ಪದ್ಧತಿ ಮೊದಲಿನಿಂದ ಇದ್ದರೂ ಅದು ಹೆಚ್ಚು ಶ್ರಮದ ಕೆಲಸವಾಗಿತ್ತು. ಕೋಲ್ಮನ್ ಅವರು ಈ ರೋಗಕ್ಕೆ ಫೈಟೋಫ್ತೊರಾ ಕುಲದ ಜೀವಿಯೇ ಕಾರಣವೆಂದು ಗುರುತಿಸಿ 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅಂದು ಶಿಲೀಂಧ್ರಗಳ ಸಾಲಿಗೆ ಸೇರಿಸಲಾಗಿದ್ದ ಈ ಜೀವಿಯನ್ನು ಇಂದು ಪ್ರತ್ಯೇಕ ಗುಂಪಿಗೆ ಸೇರಿಸಲಾಗಿದೆ.

ಈ ಜೀವಿಯ ಸಂತಾನೋತ್ಪತ್ತಿ ಎರಡು ವಿಧವಾಗಿದೆ. ಮೊದಲನೆಯದು ನಿರ್ಲಿಂಗ ರೀತಿ. ಕಾಯಿಯ ಮೇಲೆ ಬೆಳೆದ ಎಳೆಗಳಲ್ಲಿ ಸೂಕ್ಷ್ಮವಾದ ಚೀಲಗಳು ಮೂಡುತ್ತವೆ. ಮಳೆನೀರು ಸಿಕ್ಕಾಗ ಚೀಲದಿಂದ ಈಜಬಲ್ಲ ಬೀಜಾಣುಗಳು ಹೊರಬಂದು ಹನಿಗಳೊಡನೆ ಮತ್ತೊಂದು ಕಾಯಿಗೆ ತಲುಪುತ್ತವೆ. ಇಲ್ಲಿ ಎರಡು ಜೀವಿಗಳ ಸಂಗಮವಿಲ್ಲ. ಆದ್ದರಿಂದ ಹುಟ್ಟುವ ಸಂತತಿ ಮೂಲ ಜೀವಿಯ ಪಡಿಯಚ್ಚಾಗಿರುತ್ತದೆ ಮತ್ತು ಕೆಲವೇ ದಿನಗಳಲ್ಲಿ ತೋಟವೆಲ್ಲ ಹರಡುತ್ತದೆ. ಎರಡನೆಯದು ಲೈಂಗಿಕ ರೀತಿ. ಇದರಲ್ಲಿ ಎರಡು ಅಂಗಗಳ ಸಂಗಮದಿಂದ ದಪ್ಪ ಕವಚದ ಬೀಜಾಣು ಉಂಟಾಗಿ ಪ್ರತಿಕೂಲ ಕಾಲವನ್ನು ಕಳೆಯುತ್ತದೆ. ಕೋಲ್ಮನ್ ಅವರ ಕೈಕೆಳಗೆ ಪಳಗಿದ ಎಂ.ಜೆ. ನರಸಿಂಹನ್ ಅವರು ಮೈಸೂರಿನ ಫೈಟೋಫ್ತೊರಾಗಳ ಅಧ್ಯಯನವನ್ನು ಮುಂದುವರಿಸಿ 1930ರಲ್ಲಿ ಪ್ರಬಂಧ ಪ್ರಕಟಿಸಿದರು.

ರೋಗಾಣು ನೀರಿನಲ್ಲಿ ಸಂಚರಿಸುತ್ತದೆ ಎಂಬುದು ಖಚಿತವಾದ ಮೇಲೆ ಪರಿಹಾರದ ದಾರಿಯೂ ಕಂಡಿತು. ಮೈಲುತುತ್ತು ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೊ ದ್ರಾವಣಕ್ಕೆ ಮಳೆಯಲ್ಲಿ ತೊಳೆದುಹೋಗದಂತೆ ಅಂಟುವ ಪದಾರ್ಥವನ್ನು ಸೇರಿಸಿ, ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಅವರು ಬಳಕೆಗೆ ತಂದರು. ಶೇಕಡ 1ರ ಬೋರ್ಡೊ ದ್ರಾವಣದ ಸಿಂಪರಣೆ ಇಂದಿಗೂ ಅಡಿಕೆ ಬೆಳೆಗಾರರಿಗೆ ಚಿರಪರಿಚಿತ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರೂ ಈ ದ್ರಾವಣವನ್ನು ಬಲ್ಲರು.

ಇಲಾಖೆಯ ಸ್ಥಾಪನೆ ಮತ್ತು ತಳಿಗಳ ಕಾರ್ಯ

ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಾಯೋಗಿಕ ಕೃಷಿ ಕ್ಷೇತ್ರಕ್ಕಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ 30 ಎಕರೆ ಭೂಮಿಯನ್ನು ನೀಡಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಸಂಸ್ಥಾನದ ಕೃಷಿ ಇಲಾಖೆ ಸ್ಥಾಪನೆಗೊಂಡಿತು. ಕೋಲ್ಮನ್ ಅವರು ಅದರ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆಯೂ ಅದೇ ವರ್ಷ ಆರಂಭವಾಯಿತು. ಅಲ್ಲಿಂದ ಮುಂದೆ ಕಡತ, ಆಯವ್ಯಯ, ಪ್ರವಾಸ ಮತ್ತು ಆಡಳಿತದ ಹೊಣೆಯೇ ಅವರ ಕಾಲದ ಬಹುಭಾಗವನ್ನು ತೆಗೆದುಕೊಂಡಿತು. ಆದರೂ ಶ್ರೀಗಂಧದ ಮರಗಳನ್ನು ಒಣಗಿಸುವ ಸ್ಪೈಕ್ ರೋಗವು ಕಸಿಯ ಮೂಲಕ ಹರಡುತ್ತದೆಂದು ತೋರಿಸಿ, ಅದು ಸಾಂಕ್ರಾಮಿಕವೆಂಬುದನ್ನು ಸ್ಥಿರಪಡಿಸಿದರು. ಅವರು ಅದನ್ನು ವೈರಾಣು ರೋಗವೆಂದು ಭಾವಿಸಿದ್ದರು. 1969ರ ಸಂಶೋಧನೆಗಳು ಕಾರಣ ಜೀವಿಯು ಬೇರೊಂದು ಬಗೆಯ ಸೂಕ್ಷ್ಮಾಣುವೆಂದು ತಿಳಿಸಿದವು. ಸಾಂಕ್ರಾಮಿಕವೆಂಬ ಅವರ ನಿರ್ಣಯ ಮಾತ್ರ ಸರಿಯಾಗಿಯೇ ಉಳಿಯಿತು.

ಇಲಾಖೆಯ ಕೆಲಸಗಳಲ್ಲಿ ತಳಿ ಸುಧಾರಣೆ ಪ್ರಮುಖವಾದುದು. ಇದನ್ನು ಮೂರು ಬೆಳೆಗಳ ಉದಾಹರಣೆಯಿಂದ ತಿಳಿಯಬಹುದು.

1. ರಾಗಿ: ರಾಗಿಯ ಹೂವು ಬಹಳ ಚಿಕ್ಕದು. ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ಒಂದು ಒಳ್ಳೆಯ ಗಿಡವನ್ನು ಆರಿಸಿ ಅದರ ಕಾಳನ್ನೇ ಬಿತ್ತುತ್ತಾ ಹೋದರೆ ಗುಣ ಕೆಡದೆ ಉಳಿಯುತ್ತದೆ. ಈ ಬಗೆಯ ಆಯ್ಕೆಯಿಂದ ದೊರೆತ ಹೆಚ್ 22 ಎಂಬ ರಾಗಿ ತಳಿ 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬಿಡುಗಡೆಯಾಯಿತು. ಮುಂದೆ ಮಂಡ್ಯದ ರಾಗಿ ತಜ್ಞ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ನೀಡಿದರು.

2. ಕಬ್ಬು: ಕಬ್ಬನ್ನು ತುಂಡುಗಳಿಂದ ನೆಡಲಾಗುತ್ತದೆ. ಗಿಣ್ಣಿನಿಂದ ಬರುವ ಮೊಳಕೆಯು ತಾಯಿ ಕಬ್ಬಿನ ಜೀವಕೋಶಗಳಿಂದಲೇ ಬೆಳೆಯುವುದರಿಂದ ಗುಣದಲ್ಲಿ ವ್ಯತ್ಯಾಸವಿರುವುದಿಲ್ಲ. ಹೊಸ ತಳಿ ಬೇಕಾದರೆ ಸೂಲಂಗಿ ಬಿಟ್ಟ ಕಬ್ಬಿನ ಹೂವುಗಳನ್ನು ಸಂಕರಿಸಿ ಬೀಜದಿಂದ ಸಸಿ ಪಡೆಯಬೇಕು. ಕೊಯಮತ್ತೂರಿನಲ್ಲಿ 1912ರಲ್ಲಿ ಆರಂಭವಾದ ಕಬ್ಬು ತಳಿ ಕೇಂದ್ರವು ಈ ಕೆಲಸವನ್ನು ಕೈಗೊಂಡಿತು. ಮೈಸೂರು ಸಂಸ್ಥಾನದಲ್ಲಿಯೂ ಕಬ್ಬಿನ ತಳಿ ಕಾರ್ಯ ನಡೆಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿ ಕೋಲ್ಮನ್ ಅವರ ಪಾತ್ರ ಹಿರಿದಾದುದು.

3. ಕಾಫಿ: ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾಗಲು ಕೋಲ್ಮನ್ ಅವರ ಪ್ರಯತ್ನ ಕಾರಣವಾಯಿತು. ತುಕ್ಕು ರೋಗ ತಡೆಯುವ ಗುಣವುಳ್ಳ ಗಿಡವನ್ನು ಉತ್ತಮ ರುಚಿಯ ಕೆಂಟ್ ತಳಿಯೊಡನೆ ಸಂಕರಿಸಿ 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ಎಸ್ 795 ತಳಿಯನ್ನು ಬೆಳೆಗಾರರು ವ್ಯಾಪಕವಾಗಿ ಬೆಳೆದರು.

ಜೀವಕೋಶಗಳ ವಿಭಜನೆ: ಸಂಕ್ಷಿಪ್ತ ವಿವರಣೆ

ಮೇಲಿನ ಉದಾಹರಣೆಗಳಲ್ಲಿ ಕೆಲವೆಡೆ ಗುಣ ಬದಲಾಗದೆ ಉಳಿದರೆ ಕೆಲವೆಡೆ ಬೆರೆಯುತ್ತದೆ. ಇದಕ್ಕೆ ಕಾರಣ ಜೀವಕೋಶಗಳು ವಿಭಜನೆಯಾಗುವ ಎರಡು ಬಗೆಗಳು.

ಮೊದಲನೆಯದು ಮೈಟಾಸಿಸ್. ದೇಹ ಬೆಳೆಯುವಾಗ ಮತ್ತು ಗಾಯ ಮಾಯುವಾಗ ನಡೆಯುವುದು ಇದೇ. ಕೋಶಕೇಂದ್ರದ ಪ್ರತಿಯೊಂದು ವರ್ಣತಂತುವೂ ಮೊದಲು ತನ್ನ ಪ್ರತಿಯನ್ನು ಮಾಡಿಕೊಳ್ಳುತ್ತದೆ. ನಂತರ ಕೋಶ ಎರಡಾದಾಗ ಎರಡಕ್ಕೂ ಒಂದೊಂದು ಪೂರ್ಣ ಪ್ರತಿ ಸಿಗುತ್ತದೆ. ಕಬ್ಬಿನ ತುಂಡು ಚಿಗುರುವುದು ಈ ವಿಭಜನೆಯಿಂದ.

ಎರಡನೆಯದು ಮಿಯಾಸಿಸ್. ಇದು ಅಂಡಾಣು, ವೀರ್ಯಾಣು ಮತ್ತು ಪರಾಗ ಉಂಟಾಗುವಾಗ ನಡೆಯುತ್ತದೆ. ತಂದೆಯಿಂದ ಬಂದ ಮತ್ತು ತಾಯಿಯಿಂದ ಬಂದ ವರ್ಣತಂತುಗಳು ಜೋಡಿಯಾಗಿ ಸೇರಿ, ಕೆಲವು ಭಾಗಗಳನ್ನು ಅದಲುಬದಲು ಮಾಡಿಕೊಂಡು ಬೇರ್ಪಡುತ್ತವೆ. ಹೀಗಾಗಿ ಪ್ರತಿ ಲಿಂಗಾಣುವಿನಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧವಾಗುತ್ತದೆ. ಮನುಷ್ಯನ ದೇಹಕೋಶದಲ್ಲಿ 46 ವರ್ಣತಂತುಗಳಿದ್ದರೆ ಲಿಂಗಾಣುವಿನಲ್ಲಿ 23 ಇರುತ್ತವೆ. ಅಂಡಾಣು ಮತ್ತು ವೀರ್ಯಾಣು ಕೂಡಿದಾಗ ಸಂಖ್ಯೆ ಮತ್ತೆ 46 ಆಗುತ್ತದೆ. ಒಂದೇ ತಂದೆತಾಯಿಯ ಮಕ್ಕಳು ಒಬ್ಬರಂತೆ ಒಬ್ಬರು ಇರದಿರುವುದಕ್ಕೆ ಈ ಬೆರಕೆಯೇ ಕಾರಣ.

ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದೂ ವರ್ಣತಂತುವಿನಿಂದಲೇ ನಿರ್ಧಾರವಾಗುತ್ತದೆ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತು ಇರುತ್ತದೆ. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಅಥವಾ ವೈ ಇರುತ್ತದೆ. ಆದ್ದರಿಂದ ಹೆಣ್ಣು ಮಗು ಹುಟ್ಟಿದುದಕ್ಕೆ ತಾಯಿಯನ್ನು ದೂಷಿಸುವುದಕ್ಕೆ ಯಾವ ಆಧಾರವೂ ಇಲ್ಲ. ಮಿಡತೆಗಳಲ್ಲಿ ವೈ ವರ್ಣತಂತು ಸಾಮಾನ್ಯವಾಗಿ ಇರುವುದಿಲ್ಲ. ಹೆಣ್ಣಿಗೆ ಎರಡು ಎಕ್ಸ್ ಇದ್ದರೆ ಗಂಡಿಗೆ ಒಂದೇ ಎಕ್ಸ್. ಈ ಕಾರಣದಿಂದ ಹಲವು ಮಿಡತೆ ಪ್ರಭೇದಗಳಲ್ಲಿ ಹೆಣ್ಣಿಗೆ 24, ಗಂಡಿಗೆ 23 ವರ್ಣತಂತುಗಳಿರುತ್ತವೆ.

ನಿವೃತ್ತಿಯ ನಂತರ ಮತ್ತೆ ಪ್ರಯೋಗಾಲಯಕ್ಕೆ

1934ರಲ್ಲಿ ಮೈಸೂರಿನ ಸೇವೆಯಿಂದ ನಿವೃತ್ತರಾದಾಗ ಕೋಲ್ಮನ್ ಅವರಿಗೆ 56 ವರ್ಷ ವಯಸ್ಸು. ಇಲಾಖೆಯೊಂದನ್ನು ಕಟ್ಟಿ ನಿಲ್ಲಿಸಿದ ಅಧಿಕಾರಿಗೆ ವಿಶ್ರಾಂತಿ ಸಹಜವಾಗಿತ್ತು. ಆದರೆ ಅವರು ಕೆನಡಾಕ್ಕೆ ಮರಳಿ, ಟೊರಾಂಟೊದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಆಡಳಿತದ ವರ್ಷಗಳಲ್ಲಿ ಕೈಗೆತ್ತಿಕೊಳ್ಳಲಾಗದಿದ್ದ ವರ್ಣತಂತುಗಳ ಅಧ್ಯಯನಕ್ಕೆ ತೊಡಗಿದರು.

ವರ್ಣತಂತುಗಳು ಸ್ವತಃ ಬಣ್ಣವಿಲ್ಲದವು. ಬಣ್ಣ ಹಾಕದೆ ಅವನ್ನು ಸ್ಪಷ್ಟವಾಗಿ ಕಾಣುವುದು ಕಷ್ಟ. ಜರ್ಮನಿಯ ರಾಬರ್ಟ್ ಫಾಯಿಲ್ಗೆನ್ ಅವರು 1924ರಲ್ಲಿ ಡಿಎನ್‌ಎ ಇರುವ ಜಾಗ ಮಾತ್ರ ಕೆಂಪು ನೇರಳೆ ಬಣ್ಣ ತಾಳುವ ವಿಧಾನವನ್ನು ಕಂಡುಹಿಡಿದಿದ್ದರು. ಅದಕ್ಕೆ ಫುಕ್ಸಿನ್ ಎಂಬ ಬಣ್ಣವನ್ನು ಮೊದಲು ಬಣ್ಣರಹಿತ ದ್ರಾವಣವಾಗಿ ಮಾರ್ಪಡಿಸಬೇಕು. ಫುಕ್ಸಿನ್‌ನ ಗುಣಮಟ್ಟ ಒಂದೇ ತೆರನಾಗಿರದೆ ದ್ರಾವಣದಲ್ಲಿ ಕಂದು ಛಾಯೆ ಉಳಿದುಬಿಡುತ್ತಿತ್ತು. ಅದಕ್ಕೆ ಸ್ವಲ್ಪ ಇದ್ದಿಲಿನ ಪುಡಿಯನ್ನು ಹಾಕಿ ಕುಲುಕಿ ಸೋಸಿದರೆ ದ್ರಾವಣ ತಿಳಿಯಾಗುತ್ತದೆ ಎಂಬ ಸರಳ ಕ್ರಮವನ್ನು ಕೋಲ್ಮನ್ ಅವರು 1938ರಲ್ಲಿ ಪ್ರಕಟಿಸಿದರು. ರೋಗಪತ್ತೆ ಪ್ರಯೋಗಾಲಯಗಳಲ್ಲಿ ಅಂಗಾಂಶದ ತುಣುಕುಗಳಿಗೆ ಬಣ್ಣ ಹಾಕಲು ಬಳಸುವ ಶಿಫ್ ದ್ರಾವಣದ ತಯಾರಿಕಾ ವಿಧಾನಗಳಲ್ಲಿ ಒಂದು ಇಂದಿಗೂ ಕೋಲ್ಮನ್ ಹೆಸರಿನಿಂದ ಕರೆಯಲ್ಪಡುತ್ತದೆ.

1940ರಲ್ಲಿ ಗಡ್ಡೆಯಿಂದ ಬೆಳೆಯುವ ಒಂದು ಹೂಗಿಡದ ಜೀವಕೋಶಗಳ ಬಗ್ಗೆ ಅವರ ಪ್ರಬಂಧ ಪ್ರಕಟವಾಯಿತು. 1943ರಲ್ಲಿ ಜೆನೆಟಿಕ್ಸ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಮಿಡತೆಗಳ ವರ್ಣತಂತುಗಳ ರಚನೆ, ಅದರಲ್ಲೂ ವಿಶೇಷವಾಗಿ ಎಕ್ಸ್ ವರ್ಣತಂತುವನ್ನು ಕುರಿತು ಅವರು ಬರೆದರು. ಮೂರು ದಶಕಗಳ ಹಿಂದೆ ಜೋಳದ ಹೊಲದ ಮಣ್ಣಿನಲ್ಲಿ ಮಿಡತೆಯ ಮೊಟ್ಟೆಗಳನ್ನು ಹುಡುಕಿದ್ದ ವಿಜ್ಞಾನಿ, 65ನೆಯ ವಯಸ್ಸಿನಲ್ಲಿ ಮಿಡತೆಗಳ ಜೀವಕೋಶದ ಒಳಗನ್ನೇ ಅಭ್ಯಸಿಸಿದ್ದರು.

ವಂಶದ ಗುಣಗಳನ್ನು ಹೊರುವ ವಸ್ತು ಡಿಎನ್‌ಎ ಎಂಬುದಕ್ಕೆ 1944ರಲ್ಲಿ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು ಪುರಾವೆ ನೀಡಿದರು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದರ ಜೋಡಿ ಸುರುಳಿಯ ರಚನೆಯನ್ನು ಪ್ರಕಟಿಸಿದರು. ಇದರ ಮರುವರ್ಷ, ಅಂದರೆ 1954ರಲ್ಲಿ, ಕೋಲ್ಮನ್ ಅವರು ಕೆನಡಾದಲ್ಲಿ ನಿಧನರಾದರು. ಅವರು ಬೆಳೆಸಿದ ಹೆಬ್ಬಾಳದ ಕೃಷಿ ಶಾಲೆ 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ತಳಹದಿಯಾಯಿತು.

ಸಾರ್ವಜನಿಕರ ಗಮನಕ್ಕೆ

ಕೋಲ್ಮನ್ ಅವರ ಕಾಲದಲ್ಲಿ ಜೋಳದ ಸೀಮೆಯಾಗಿದ್ದ ದಾವಣಗೆರೆ ಭಾಗದಲ್ಲಿ ಇಂದು ಮೆಕ್ಕೆಜೋಳ ಪ್ರಮುಖ ಬೆಳೆ. ಹರಿಹರ ಭಾಗದಲ್ಲಿ ನಾಲೆಯ ನೀರಿಗೆ ಭತ್ತ ಬೆಳೆಯುತ್ತಾರೆ. ಬಿತ್ತನೆ ಬೀಜ ಪಡೆಯುವ ರೈತ ಬಾಂಧವರು ಮೇಲಿನ ವಿಷಯಗಳ ಹಿನ್ನೆಲೆಯಲ್ಲಿ ಈ ಅಂಶಗಳನ್ನು ಗಮನಿಸುವುದು ಒಳಿತು.

1. ಸಂಕರಣ ಮೆಕ್ಕೆಜೋಳದ ಫಸಲಿನಿಂದ ಕಾಳು ಉಳಿಸಿಕೊಂಡು ಮರುವರ್ಷ ಬಿತ್ತಬಾರದು. ಸಂಕರಣ ಬೀಜದಲ್ಲಿ ಎರಡು ಬೇರೆ ಬೇರೆ ತಳಿಗಳ ಗುಣಗಳು ಜೊತೆಯಾಗಿರುತ್ತವೆ. ಅದರ ಮುಂದಿನ ಪೀಳಿಗೆಯಲ್ಲಿ ಮಿಯಾಸಿಸ್ ವಿಭಜನೆಯಿಂದ ಗುಣಗಳು ಬೇರ್ಪಟ್ಟು ಎತ್ತರ ಗಿಡ್ಡ ಗಿಡಗಳು ಬೆರೆತು, ತೆನೆ ಒಂದೇ ಸಮನಾಗಿ ಬಾರದೆ ಇಳುವರಿ ಕುಸಿಯುತ್ತದೆ. ಬೀಜದ ಹಣ ಉಳಿಸಲು ಹೋಗಿ ಇಡೀ ವರ್ಷದ ದುಡಿಮೆಗೆ ನಷ್ಟ ತಂದುಕೊಂಡಂತಾಗುತ್ತದೆ.

2. ರಾಗಿ ಮತ್ತು ಭತ್ತದ ಸುಧಾರಿತ ತಳಿಗಳು, ಸಂಕರಣವಲ್ಲದಿದ್ದಲ್ಲಿ, ಸ್ವಪರಾಗಸ್ಪರ್ಶದ ಬೆಳೆಗಳಾದ್ದರಿಂದ ಬೆರಕೆಯಿಲ್ಲದ ಶುದ್ಧ ಬೀಜವನ್ನು ಕೆಲವು ವರ್ಷ ಉಳಿಸಿಕೊಂಡು ಬಿತ್ತಬಹುದು. ಕಣದಲ್ಲಿ ಬೇರೆ ತಳಿಯ ಕಾಳು ಸೇರದಂತೆ ಎಚ್ಚರ ವಹಿಸಬೇಕು.

3. ಚೀಲದ ಚೀಟಿಯ ಬಣ್ಣ ಬೀಜದ ದರ್ಜೆಯನ್ನು ಸೂಚಿಸುತ್ತದೆ. ತಳಿ ವರ್ಧಕ ಬೀಜಕ್ಕೆ ಹೊಂಬಣ್ಣದ ಹಳದಿ, ಮೂಲ ಬೀಜಕ್ಕೆ ಬಿಳಿ ಮತ್ತು ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ.

4. ಬೆಳೆ ಕೊಯ್ಲಾಗುವವರೆಗೆ ಚೀಟಿ, ಖರೀದಿ ರಸೀದಿ ಮತ್ತು ಚೀಲದಲ್ಲಿ ಸ್ವಲ್ಪ ಬೀಜವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮೊಳಕೆ ಅಥವಾ ತಳಿಯ ಬಗ್ಗೆ ದೂರು ಸಲ್ಲಿಸುವ ಸಂದರ್ಭ ಬಂದಲ್ಲಿ ಇವು ಆಧಾರವಾಗುತ್ತವೆ.

ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.